ಷಡ್ಡಕನ ಮುಖ ನೋಡಿ ಆರಿಸಿದ ಕಾರು

ಸುಬ್ರಾಯನ ತಾಪತ್ರಯ ಶುರುವಾದದ್ದು ಒಂದು ಪೋಸ್ಟ್ ಕಾರ್ಡಿನಿಂದ. ಬರೆದವರು ತಿರುವನಂತಪುರದಲ್ಲಿದ್ದ ಅವನ ಮಾವ ಹರಿನಾರಾಯಣರು. ನಲವತ್ತು ವರ್ಷ ವಕೀಲಿ ಮಾಡಿ ನಿವೃತ್ತರಾದ ಅವರು ಹಬ್ಬದ ಊಟಕ್ಕೆ ಕರೆಯುವುದನ್ನೂ ನೋಟೀಸಿನ ಧಾಟಿಯಲ್ಲೇ ಬರೆಯುತ್ತಿದ್ದರು. ‘ಮನೆಯನ್ನು ಫ್ಲ್ಯಾಟ್ ಕಟ್ಟುವವರಿಗೆ ಕೊಟ್ಟಾಗಿದೆ. ಮೊದಲು ಬೀಳುವುದು ಕಾರಿನ ಶೆಡ್ಡು. ಕಾರು ಎರಡು, ಅಳಿಯಂದಿರು ಇಬ್ಬರು, ತಲಾ ಒಂದು. ಹಿರಿಯವನಿಗೆ ಮೊದಲ ಆಯ್ಕೆ. ಬರುವ ಆದಿತ್ಯವಾರ ಎರಡು ಫೋಟೋ ಸಮೇತ ಹಾಜರಾಗತಕ್ಕದ್ದು.’

ಕಾಸರಗೋಡಿನ ಸುಬ್ರಾಯನಿಗೆ ಆಗ, ಅಂದರೆ ಎರಡು ಸಾವಿರದ ಆರನೆಯ ಇಸವಿಯಲ್ಲಿ, ನಲವತ್ತಾರು ವರ್ಷ. ಕೊಚ್ಚಿಯ ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು, ಕಳಮಶ್ಶೇರಿಯಲ್ಲಿ ಬಾಡಿಗೆ ಮನೆ, ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಸ್ಕೂಟರು. ಕಾರ್ಡು ಓದಿದಾಗ ಅವನಿಗೆ ಕಾರಿಗಿಂತ ರುಚಿಸಿದ ಮಾತು ‘ಹಿರಿಯವನಿಗೆ ಮೊದಲ ಆಯ್ಕೆ’ ಎಂಬುದು. ಆರು ವರ್ಷಗಳಿಂದ ಆ ಮನೆಯಲ್ಲಿ ಅವನಿಗೆ ಮೊದಲು ಸಿಕ್ಕಿದ್ದು ಒಂದೂ ಇರಲಿಲ್ಲ. ಆರು ವರ್ಷಗಳ ಹಿಂದೆ ನಾದಿನಿ ನಿಶ್ಮಿತಾಳ ಮದುವೆಯಾಗಿ, ಚಿನ್ಮಯ ಎಂಬ ಷಡ್ಡಕ ಬಂದಿದ್ದ.

ಚಿನ್ಮಯ ಬೆಂಗಳೂರಿನವನು, ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸ. ಅವನಿಗೆ ತಲೆತುಂಬ ಕೂದಲಿತ್ತು, ಫೋಟೋ ತೆಗೆಯುವ ಮೊಬೈಲಿತ್ತು, ಕಂಪನಿಯ ಕೆಲಸದ ಮೇಲೆ ಮೂರು ತಿಂಗಳು ಇಟಲಿಯಲ್ಲಿದ್ದು ಬಂದ ಹೆಮ್ಮೆಯಿತ್ತು. ಇಷ್ಟನ್ನು ಸುಬ್ರಾಯ ಹೇಗೋ ನುಂಗಿಕೊಂಡಿದ್ದ. ಅವನ ಹೊಟ್ಟೆ ನಿಜವಾಗಿ ಉರಿದದ್ದು ಪತ್ರೊಡೆಯ ವಿಷಯದಲ್ಲಿ. ಅತ್ತೆ ಸರೋಜಿನಿಯವರು ಕೆಸುವಿನೆಲೆಯ ಪತ್ರೊಡೆ ಮಾಡಿದರೆ ತಿಂದವರು ಎರಡು ದಿನ ಬೇರೆ ಮಾತಾಡುತ್ತಿರಲಿಲ್ಲ. ಅದರ ಸುರುಳಿಯ ನಡುವಿನ ಮೆತ್ತನೆಯ ತುಂಡು ಹದಿನಾಲ್ಕು ವರ್ಷ ಸುಬ್ರಾಯನ ಬಾಳೆಲೆಗೆ ಬೀಳುತ್ತಿತ್ತು. ಚಿನ್ಮಯ ಬಂದ ಮೇಲೆ ಅದು ಚಿನ್ಮಯನ ಎಲೆಗೆ ಹೋಯಿತು, ಸುಬ್ರಾಯನಿಗೆ ಕೊನೆಯ ತುಂಡು ಬಂತು. ಇದು ಹೊಟ್ಟೆಕಿಚ್ಚು ಎಂದು ಅವನಿಗೂ ಗೊತ್ತಿತ್ತು. ಅದಕ್ಕೆ ಬೇರೆ ಸಭ್ಯ ಹೆಸರು ಹುಡುಕುವ ತೊಂದರೆಯನ್ನು ಅವನು ತೆಗೆದುಕೊಂಡಿರಲಿಲ್ಲ.

ಸುಬ್ರಾಯನಿಗೆ ಇನ್ನೊಂದು ಗುಟ್ಟಿತ್ತು. ಮಲಯಾಳವನ್ನು ಅವನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದ. ಆದರೆ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದವನಿಗೆ ಮಲಯಾಳ ಅಕ್ಷರ ಮಾತ್ರ ಹತ್ತಿರಲಿಲ್ಲ. ನೌಕರಿಯ ಭಾಷಾ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಬಾಯಿಪಾಠದ ಬಲದಿಂದ ದಾಟಿದ್ದ. ಕಚೇರಿಯಲ್ಲಿ ಮಲಯಾಳ ಫೈಲು ಬಂದರೆ “ಕನ್ನಡಕ ಮರೆತು ಬಂದೆ” ಎಂದು ಪಕ್ಕದ ಮೇಜಿನ, ಅಕ್ಕನ ವಯಸ್ಸಿನ ಕಲ್ಯಾಣಿ ಚೇಚಿಯಿಂದ ಓದಿಸಿಕೊಳ್ಳುತ್ತಿದ್ದ. ಕನ್ನಡಕವೇ ಬಂದಿರದ ವಯಸ್ಸಿನಿಂದಲೂ ಅವನು ಅದನ್ನು ಮರೆತು ಬರುತ್ತಿದ್ದ. ಕಲ್ಯಾಣಿ ಚೇಚಿ ಇಪ್ಪತ್ತೆರಡು ವರ್ಷ ಏನೂ ಕೇಳದೆ ಓದಿ ಹೇಳಿದ್ದಳು.

ಕಾರ್ಡಿನ ಸುದ್ದಿ ಸಂಜೆಯೊಳಗೆ ಓಣಿಗೆಲ್ಲ ಹಬ್ಬಿತು. ಎರಡೂ ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳು, ಒಂದು ಇಂಗ್ಲೆಂಡಿನದು, ಒಂದು ಇಟಲಿಯದು ಎಂದು ತಿಳಿದ ಮೇಲೆ ಸಲಹೆ ಕೊಡದವರೇ ಉಳಿಯಲಿಲ್ಲ. ಜೀವಮಾನದಲ್ಲಿ ಸೈಕಲ್ಲಿನ ಚೈನು ಹಾಕಿ ಗೊತ್ತಿಲ್ಲದವರು ಕೂಡ ಇಂಗ್ಲಿಷರ ಗಟ್ಟಿತನ, ಇಟಲಿಯವರ ಸೊಗಸು ಎಂದು ಗೇಟಿನ ಬಳಿ ನಿಂತು ವಾದ ಮಾಡಿದರು. ಕೊನೆಗೆ ಸುಬ್ರಾಯ ಹೋದದ್ದು ಅದೇ ಓಣಿಯಲ್ಲಿ ವರ್ಕ್‌ಶಾಪು ಇಟ್ಟಿದ್ದ ಉಪ್ಪಳದ ಅಶ್ರಫನ ಹತ್ತಿರ. ಅಶ್ರಫ್ ಕೈ ಒರೆಸಿಕೊಳ್ಳುತ್ತ ಎಲ್ಲ ಕೇಳಿದ.

“ನಿಮಗೆ ಯಾವ ಕಾರು ಬೇಕು ಸುಬ್ರಾಯಣ್ಣ?”

ಸುಬ್ರಾಯ ಸತ್ಯವನ್ನೇ ಹೇಳಿದ. “ಅವನಿಗೆ ಯಾವುದು ಬೇಕೋ ಅದು.”

“ಹಾಗಾದ್ರೆ ನೀವು ಕಾರು ನೋಡ್ಲಿಕ್ಕೇ ಹೋಗ್ಬೇಡಿ. ಅವನ ಮುಖ ನೋಡಿ. ಬಾಯಿ ಸುಳ್ಳು ಹೇಳ್ತದೆ, ಮುಖ ಹೇಳುವುದಿಲ್ಲ. ನಾನು ಹಳೇ ಗಾಡಿ ತಗೊಳ್ಳುವಾಗ ಬಾನೆಟ್ ಎತ್ತುವುದೇ ಇಲ್ಲ, ಮಾರುವವನ ಮುಖ ಓದ್ತೇನೆ.”

ಸುಬ್ರಾಯನಿಗೆ ಈ ವಿದ್ಯೆ ತುಂಬ ಹಿಡಿಸಿತು. ಎಂಜಿನ್ನು, ಗೇರು ಇತ್ಯಾದಿ ಅವನಿಗೆ ತಿಳಿಯುತ್ತಿರಲಿಲ್ಲ. ಮುಖವಾದರೆ ಯಾರಿಗಾದರೂ ಓದಲು ಬರುತ್ತದೆ ಎಂದುಕೊಂಡ.

ಆದಿತ್ಯವಾರ ಬೆಳಗಿನ ರೈಲಿನಲ್ಲಿ ಅವನು ಹೆಂಡತಿ ಮಂದಾಕಿನಿಯ ಜೊತೆ ಹೊರಟ. ಕಿಟಕಿಯ ಹತ್ತಿರ ಕೂತು ಕಣ್ಣು ಮುಚ್ಚಿದರೆ ಒಂದೇ ಚಿತ್ರ ಬರುತ್ತಿತ್ತು: ತಲೆಯ ಮೇಲೆ ಮಾಡಿಲ್ಲದ ತೆರೆದ ಕಾರು, ತಾನು ಸ್ಟಿಯರಿಂಗು ಹಿಡಿದಿದ್ದಾನೆ, ಪಕ್ಕದಲ್ಲಿ ಮಂದಾಕಿನಿಯ ಸೆರಗು ಗಾಳಿಗೆ ಹಾರುತ್ತಿದೆ, ರಸ್ತೆಯ ಬದಿಯಲ್ಲಿ ಚಿನ್ಮಯ ಬಸ್ಸಿಗೆ ಕಾಯುತ್ತಿದ್ದಾನೆ. ಕಾಯಂಕುಳದ ಹತ್ತಿರ ಮಂದಾಕಿನಿ, ಅಪ್ಪ ಅಮ್ಮನ ವಿಷಯದಲ್ಲಿ ಒಂದು ಮಾತು ಹೇಳಲಿಕ್ಕುಂಟು ಎಂದಳು. ಕಾರಿನ ವಿಷಯ ಮೊದಲು ಮುಗಿಯಲಿ ಎಂದು ಸುಬ್ರಾಯ ತಡೆದ. ಕೊಲ್ಲಂನಲ್ಲಿ ಅವಳು ಮತ್ತೆ ಬಾಯಿ ತೆರೆದಳು. ನೀನು ನಡುವೆ ಬಂದು ನನ್ನ ಲೆಕ್ಕಾಚಾರ ತಪ್ಪಿಸಬೇಡ ಎಂದ. ಮೂರನೆಯ ಸಲ ಅವಳು ಹೇಳಲು ಹೋಗಲಿಲ್ಲ, ಚೀಲದಿಂದ ಬಾಳೆಹಣ್ಣು ತೆಗೆದು ತಿಂದಳು.

ಹತ್ತು ಗಂಟೆಗೆ ಇವರು ಮಾವನ ಮನೆ ತಲುಪಿದಾಗ ಚಿನ್ಮಯ ಆಗಲೇ ಬಂದು, ಕಾಫಿ ಕುಡಿದು, ಶೆಡ್ಡಿನ ಮುಂದೆ ನಿಂತಿದ್ದ. ನಿಶ್ಮಿತಾ ಒಳಗೆ ಕೆಸುವಿನೆಲೆಯ ರಾಶಿ ಎದುರಿಟ್ಟುಕೊಂಡು ನಾರು ತೆಗೆಯುತ್ತಿದ್ದಳು. ಜಗಲಿಯಲ್ಲಿ ಎರಡು ತಗಡಿನ ಪೆಟ್ಟಿಗೆಗಳು ಹಗ್ಗ ಬಿಗಿದು ತಯಾರಾಗಿದ್ದವು. ಮನೆ ಖಾಲಿ ಮಾಡುವವರ ಜಗಲಿಯಲ್ಲಿ ಪೆಟ್ಟಿಗೆ ಇರುವುದು ಸಹಜವಾದ್ದರಿಂದ ಸುಬ್ರಾಯ ಅದರ ಕಡೆ ನೋಡಲಿಲ್ಲ. ಅವನು ಸೀದಾ ಹೋಗಿ ಚಿನ್ಮಯನ ಮುಖ ನೋಡಿದ.

ಶೆಡ್ಡಿನಲ್ಲಿ ಎರಡು ಕಾರು ಅಕ್ಕಪಕ್ಕ ನಿಂತಿದ್ದವು. ಕಡು ಹಸಿರು ಬಣ್ಣದ್ದು ಸಾವಿರದ ಒಂಬೈನೂರ ನಲವತ್ತೆಂಟರ ಎಂ.ಜಿ. ಪೀರ್ಮೇಡಿನ ಚಹಾ ತೋಟದ ದೊರೆಯೊಬ್ಬ ಊರಿಗೆ ಮರಳುವಾಗ ತನ್ನ ವಕೀಲರಿಗೆ ನೆನಪಿಗೆಂದು ಬಿಟ್ಟುಹೋದದ್ದು. ಉದ್ದನೆಯ ಮೂತಿ, ತಂತಿಯ ಚಕ್ರ, ಹೊರಗೆ ನಿಂತ ಎರಡು ದೀಪ. ಕೆಂಪು ಬಣ್ಣದ್ದು ಅರವತ್ತೇಳರ ಆಲ್ಫಾ ರೋಮಿಯೋ. ಇಟಲಿಯ ಯಾರೋ ಒಬ್ಬ ಅದನ್ನು ರೋಮಿನಿಂದ ನೆಲದ ದಾರಿಯಲ್ಲೇ ಓಡಿಸಿಕೊಂಡು ಕೋವಳಂವರೆಗೆ ಬಂದು, ಸಮುದ್ರ ನೋಡಿ ವೈರಾಗ್ಯ ಹುಟ್ಟಿ, ವೀಸಾದ ಕೆಲಸ ಮಾಡಿಕೊಟ್ಟ ವಕೀಲರ ಕೈಗೆ ಬೀಗದ ಕೈ ಕೊಟ್ಟು ಹೃಷೀಕೇಶಕ್ಕೆ ಹೋಗಿದ್ದ. ಇವೆರಡರ ಕಾಗದಪತ್ರ ಸರಿಮಾಡಿಸಲು ಮಾವನಿಗೆ ಹನ್ನೊಂದು ವರ್ಷ ಹಿಡಿಯಿತು. ತಾನು ಗೆದ್ದ ಅತಿ ದೊಡ್ಡ ಕೇಸು ಅದೇ ಎಂದು ಅವರು ಹೇಳಿಕೊಳ್ಳುತ್ತಿದ್ದರು.

ಕಾರುಗಳ ವಿಷಯದಲ್ಲಿ ಗಂಡ ಹೆಂಡಿರಿಗೆ ಮೂವತ್ತೈದು ವರ್ಷದಿಂದ ಒಮ್ಮತವಿರಲಿಲ್ಲ. ಇಂಗ್ಲಿಷ್ ಕಾರು ಅತ್ತೆಯ ಪಕ್ಷ, ಇಟಲಿಯದು ಮಾವನ ಪಕ್ಷ. ಹಸಿರು ಕಾರಿಗೆ ಅತ್ತೆ ತಮ್ಮ ಹಳೆಯ ಸೀರೆ ಹೊದಿಸುತ್ತಿದ್ದರು, ವಾರಕ್ಕೊಮ್ಮೆ ತಾವೇ ಸ್ಟಾರ್ಟು ಮಾಡುತ್ತಿದ್ದರು. ಕೆಂಪು ಕಾರನ್ನು ಮಾವ ಬಿಟ್ಟು ಬೇರೆ ಯಾರೂ ಒರೆಸುವಂತೆಯೂ ಇರಲಿಲ್ಲ. ಅಳಿಯಂದಿರು ಕೂಡಿದ್ದೇ ತಡ, ಅಡುಗೆಮನೆಯಿಂದ ಕೈ ತೊಳೆದು ಬಂದ ಅತ್ತೆ ತಮ್ಮ ವಾದ ಮಂಡಿಸಿದರು.

“ಇದರಲ್ಲಿ ಸ್ಪೀಡಿನ ಮುಳ್ಳು ಓಡಿಸುವವನ ಎದುರು ಇಲ್ಲ, ಪಕ್ಕದಲ್ಲಿ ಕೂತವರ ಎದುರು ಉಂಟು. ಗಂಡ ಎಷ್ಟು ಜೋರು ಹೋಗ್ತಾನೆ ಅಂತ ಹೆಂಡತಿಗೆ ಗೊತ್ತಾಗ್ತದೆ. ಮರ್ಯಾದಸ್ಥರು ಮಾಡಿದ ಕಾರು ಇದು.”

ಮಾವ ಕೆಂಪು ಕಾರಿನ ಬಾಗಿಲು ತೆರೆದರು. ಅದರ ಗಡಿಯಾರದಂಥ ಐದೂ ಬಿಲ್ಲೆಗಳು ಓಡಿಸುವವನ ಕಡೆಗೇ ಮುಖ ಮಾಡಿದ್ದವು. “ಓಡಿಸುವವನಿಗೆ ಗೊತ್ತಿದ್ರೆ ಸಾಕು. ಪಕ್ಕದವರಿಗೆ ಎಂತಕ್ಕೆ ತೋರಿಸುವುದು? ಇಂಗ್ಲಿಷರು ಕಾರು ಮಾಡುವಾಗಲೂ ಕಮಿಟಿ ಮಾಡಿದ್ದಾರೆ. ಇಟಲಿಯವ ಕಾರು ಮಾಡಿದ್ದಾನೆ.”

ವಾದ ಮಧ್ಯಾಹ್ನದವರೆಗೂ ಮುಂದುವರಿಯುವ ಲಕ್ಷಣವಿತ್ತು. ಸುಬ್ರಾಯ ಅದನ್ನು ಕೇಳುತ್ತಿರಲಿಲ್ಲ. ಚಿನ್ಮಯ ಎಂ.ಜಿ.ಯನ್ನು ಬಾಯಿ ತುಂಬ ಹೊಗಳಿದ, ಅದರ ಒಂದು ಫೋಟೋ ತೆಗೆದ. ಆಲ್ಫಾದ ಬಗ್ಗೆ ಒಂದು ಮಾತೂ ಆಡಲಿಲ್ಲ, ಫೋಟೋ ಮಾತ್ರ ಒಂಬತ್ತು ತೆಗೆದ. ಒಂಬತ್ತನ್ನೂ ಸುಬ್ರಾಯ ಎಣಿಸಿದ. ಅಷ್ಟೇ ಅಲ್ಲ, ಯಾರೂ ನೋಡುತ್ತಿಲ್ಲ ಎಂದುಕೊಂಡು ಚಿನ್ಮಯ ಕೆಂಪು ಕಾರಿನ ಬೆನ್ನು ಸವರಿ ನಿಟ್ಟುಸಿರು ಬಿಟ್ಟದ್ದನ್ನೂ ಕಂಡ. ಪೇರಳೆ ಮರದ ಮರೆಗೆ ಹೋಗಿ ಅಶ್ರಫನಿಗೆ ಫೋನು ಮಾಡಿ ವರದಿ ಒಪ್ಪಿಸಿದ. ಇನ್ನೂ ಸ್ವಲ್ಪ ನೋಡಿ, ಅವಸರ ಮಾಡಬೇಡಿ ಎಂದು ಅಶ್ರಫ್ ಹೇಳಿದ.

ಓಡಿಸಿ ನೋಡದೆ ಯಾರೂ ಕಾರು ತೆಗೆದುಕೊಳ್ಳುವಂತಿಲ್ಲ ಎಂದು ಮಾವ ತೀರ್ಪು ಕೊಟ್ಟರು. ವಿಳಿಂಜಂವರೆಗೆ ಹೋಗುವುದು, ಅಲ್ಲಿ ಕಾರು ಬದಲಿಸಿಕೊಂಡು ಮರಳುವುದು. ಹೋಗುವಾಗ ಸುಬ್ರಾಯನ ಪಾಲಿಗೆ ಎಂ.ಜಿ., ಪಕ್ಕದಲ್ಲಿ ಅತ್ತೆ. ಲೈಸೆನ್ಸು ಇದ್ದರೂ ಅವನು ಕಾರು ಓಡಿಸಿದ್ದು ಲೈಸೆನ್ಸಿನ ಪರೀಕ್ಷೆಯ ದಿನವೇ ಕೊನೆ. ಆದರೂ ಎಂ.ಜಿ. ಅವನನ್ನು ಕೈಬಿಡಲಿಲ್ಲ. ಮೊದಲು ಎರಡು ಸಲ ಕೆಮ್ಮಿ, ಆಮೇಲೆ ಮುದಿ ಜಡ್ಜರ ಹಾಗೆ ನಿಧಾನವಾಗಿ, ಆದರೆ ತಪ್ಪದೆ ನಡೆಯಿತು. ಅತ್ತೆ ಎದುರಿನ ಮುಳ್ಳು ನೋಡಿ, ಇಪ್ಪತ್ತು, ಇಪ್ಪತ್ತೆರಡು, ಈಗ ಇಪ್ಪತ್ತು ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು. ನಡುವೆ ಕೈಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು. ಸುಬ್ರಾಯನಿಗೆ ನಿಜವಾಗಿ ಹಿತವಾಯಿತು. ಇದೇ ಸಾಕಲ್ಲ ಎಂದು ಒಂದು ಕ್ಷಣ ಅನ್ನಿಸಿತು ಕೂಡ. ಅಷ್ಟರಲ್ಲಿ ಕೆಂಪು ಕಾರು ಅವನನ್ನು ದಾಟಿ ಮುಂದೆ ಹೋಯಿತು, ಚಿನ್ಮಯನ ಕೂದಲು ಗಾಳಿಗೆ ಹಾರುವುದು ಕಂಡಿತು, ಹಿತವೆಲ್ಲ ಮಾಯವಾಯಿತು.

ವಿಳಿಂಜಂನಲ್ಲಿ ಕಾರು ಬದಲಾಯಿತು, ಸುಬ್ರಾಯನ ಪಕ್ಕಕ್ಕೆ ಈಗ ಮಾವ ಬಂದರು. ಇಟಲಿಯ ಕಾರಿಗೆ ಸ್ಟಿಯರಿಂಗು ಎಡಗಡೆ. ಸುಬ್ರಾಯ ಗೇರು ಹಾಕಲು ಎಡಗೈ ಚಾಚಿದರೆ ಬಾಗಿಲು ಸಿಕ್ಕಿತು, ಮತ್ತೆ ಚಾಚಿದರೆ ಮತ್ತೆ ಬಾಗಿಲೇ ಸಿಕ್ಕಿತು. ಬಲಗೈಯಲ್ಲಿ ಗೇರು ಹಾಕಿದಾಗ ಕಾರು ಬೆಚ್ಚಿಬಿದ್ದು ಮುಂದೆ ನುಗ್ಗಿತು. ರಸ್ತೆ ಎರಡಾಗಿ ಒಡೆಯುವಲ್ಲಿ ಒಂದು ದೊಡ್ಡ ಹಳದಿ ಬೋರ್ಡಿತ್ತು. ಸುಬ್ರಾಯ ಬೋರ್ಡಿನ ಪಕ್ಕದಲ್ಲೇ ಧೈರ್ಯವಾಗಿ ತಿರುಗಿ, ಮೀನುಗಾರರು ಒಣಗಲು ಹರಡಿದ್ದ ಬಲೆಯ ಮೇಲೆ ಕಾರು ಹತ್ತಿಸಿದ. ಚಕ್ರಕ್ಕೆ ಸುತ್ತಿಕೊಂಡ ಬಲೆ ಕಂಬದಿಂದ ಕಿತ್ತು ಹಿಂದೆಯೇ ಬಂತು. ಬಲೆಯ ಜೊತೆ ಅರ್ಧ ಬುಟ್ಟಿ ಮತ್ತಿ ಮೀನೂ ಬಂತು. ಅದರಲ್ಲಿ ಒಂದು ಹಾರಿ, ಈರುಳ್ಳಿಯನ್ನೂ ಮುಟ್ಟದ ಮಾವನ ಪಂಚೆಯ ಮೇಲೆ ಕೂತಿತು.

ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. ಮುದುಕ ಮೀನುಗಾರನೊಬ್ಬ ಕೋಪ ಮಾಡಿಕೊಳ್ಳದೆ, ಬಹಳ ಆಶ್ಚರ್ಯದಿಂದ, “ಬೋರ್ಡ್ ಕಂಡಿಲ್ಲೇ ಸಾರೇ?” ಎಂದು ಕೇಳಿದ. ಮಾವನೂ ಮೀನನ್ನು ಎರಡು ಬೆರಳಿನಿಂದ ಎತ್ತಿ ಕೆಳಗಿಡುತ್ತ ಅದನ್ನೇ ಕನ್ನಡದಲ್ಲಿ ಕೇಳಿದರು.

“ಗಾಡಿ ಹೋಗ್ಬಾರ್ದು ಅಂತ ಅಷ್ಟು ದೊಡ್ಡದಾಗಿ ಬರೆದಿದೆಯಲ್ಲ. ಕಾಣಲಿಲ್ಲವಾ?”

“ಕಂಡಿತು ಮಾವ. ಬ್ರೇಕು ಎಲ್ಲುಂಟು ಅಂತ ಹುಡುಕ್ತಿದ್ದೆ.”

ಬಲೆ ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಸುಬ್ರಾಯನೇ ನೆಲಕ್ಕೆ ಮೊಣಕಾಲೂರಿ ಒಂದೊಂದೇ ಗಂಟು ಬಿಡಿಸಿದ, ಹೆಂಗಸರು ಸುತ್ತ ನಿಂತು ಎಲ್ಲಿ ತಪ್ಪುತ್ತಿದ್ದಾನೆಂದು ಹೇಳುತ್ತಿದ್ದರು. ಹಿಂದೆ ಬಂದ ಚಿನ್ಮಯ ಇಳಿದು ಓಡಿ ಬಂದ. ಭಾವನಿಗೆ ಏನಾಯಿತು ಎಂದು ಕೇಳಲಿಲ್ಲ. ಕೆಂಪು ಕಾರಿನ ಮೂತಿ ಸವರಿ, “ಅಯ್ಯೋ ಪಾಪ, ಗೀರು ಬಿತ್ತಾ?” ಎಂದ. ಬೆವರು ಮೀನು ಎರಡೂ ನಾರುತ್ತಿದ್ದ ಸುಬ್ರಾಯನಿಗೆ ಆ ಮಾತಿನಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಷಡ್ಡಕನ ಜೀವ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಎಲೆಯ ಮುಂದೆ ಕೂತರು. ಪತ್ರೊಡೆಯ ನಡುವಿನ ತುಂಡು ಚಿನ್ಮಯನಿಗೆ ಬಿತ್ತು. ಅದನ್ನು ಮುರಿಯುತ್ತ ಅವನು ತಲೆ ಎತ್ತದೆ ಹೇಳಿದ, “ಭಾವ, ನಾನೊಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನೀವು ಇಂಗ್ಲಿಷ್ ಕಾರೇ ತಗೊಳ್ಳಿ. ನಿಮ್ಮ ಸ್ವಭಾವಕ್ಕೆ ಅದೇ ಒಪ್ಪೋದು. ಈ ಕೆಂಪು ಕಾರನ್ನ ಇಟ್ಕೊಂಡು ಸುಧಾರಿಸೋದು ಕಷ್ಟ.”

ಸುಬ್ರಾಯ ಕೊನೆಯ ತುಂಡನ್ನು ಎಲೆಯ ಮೇಲೆ ಬಿಟ್ಟು ನೆಟ್ಟಗೆ ಕೂತ. “ನನಗೆ ಇಟಲಿ ಕಾರು ಮಾವ,” ಎಂದ.

ಬಡಿಸುತ್ತಿದ್ದ ಅತ್ತೆ ಸೌಟು ಹಿಡಿದಲ್ಲೇ ನಿಂತರು. ಮಾವ ಅವನನ್ನು ದಿಟ್ಟಿಸಿ, ಯೋಚನೆ ಮಾಡಿ ಹೇಳ್ತಿದ್ದೀಯಾ ಎಂದು ಕೇಳಿದರು. ಆರು ವರ್ಷದಿಂದ ಯೋಚನೆ ಮಾಡುತ್ತಿದ್ದೇನೆ ಎಂದು ಸುಬ್ರಾಯ ಹೇಳಿದ. ಅದೂ ಸುಳ್ಳಾಗಿರಲಿಲ್ಲ. ಆಮೇಲೆ ಚಿನ್ಮಯನ ಮುಖ ನೋಡಿದ. ಆ ಮುಖ ಬಾಡಿತ್ತು, ನಿಜವಾಗಿಯೂ ಬಾಡಿತ್ತು. ಸುಬ್ರಾಯ ಆ ಮುಖವನ್ನೇ ನೋಡುತ್ತ ಮಜ್ಜಿಗೆ ಅನ್ನ ಉಂಡ.

ಊಟವಾದ ಮೇಲೆ ಮಾವ ಎರಡು ಕಾಗದ ತಂದರು. ಛಾಪಾ ಕಾಗದದ ಮೇಲೆ, ಅವರ ಹಳೆಯ ದಸ್ತಾವೇಜು ಬರೆಯುವವನು ಮಲಯಾಳದಲ್ಲಿ ಒತ್ತಾಗಿ ಬರೆದುಕೊಟ್ಟಿದ್ದ ಒಪ್ಪಂದಗಳು, ಒಂದೊಂದು ಕಾರಿಗೆ ಒಂದೊಂದು. ಅಳಿಯನ ಹೆಸರಿನ ಜಾಗ ಮಾತ್ರ ಖಾಲಿಯಿತ್ತು. ಮಾವ ಹೆಸರು ತುಂಬಿಸಿ, ಓದಿ ಸಹಿ ಮಾಡಿ ಎಂದರು. ಚಿನ್ಮಯ ನಾಚಿಕೆಯಿಲ್ಲದೆ ನಕ್ಕ.

“ನಂಗೆ ಒಂದಕ್ಷರಾನೂ ಬರಲ್ಲ ಅಂತ ಗೊತ್ತಲ್ಲ ಮಾವ. ಬೆಳಿಗ್ಗೆ ನಿಮ್ಮ ಕೈಲೇ ಎರಡನ್ನೂ ಓದಿಸ್ಕೊಂಡೆನಲ್ಲ, ಅಷ್ಟು ಸಾಕು.” ಎಂದು ಸಹಿ ಹಾಕಿಬಿಟ್ಟ.

ಇಟಲಿಗೆ ಹೋಗಿ ಬಂದ ಎಂಜಿನಿಯರಿಗೆ ಅಕ್ಷರ ಬರುವುದಿಲ್ಲ. ಈ ಸಂಗತಿ ಸುಬ್ರಾಯನಿಗೆ ಎಷ್ಟು ಸೊಗಸಾಗಿ ಕಂಡಿತೆಂದರೆ, ತನಗೂ ಬರುವುದಿಲ್ಲ ಎಂಬುದು ನೆನಪಿಗೆ ಬರಲು ಸ್ವಲ್ಪ ತಡವಾಯಿತು. ಮಾವ, “ನಿನಗೆ ಓದಿ ಹೇಳ್ಬೇಕಾ ಸುಬ್ರಾಯ?” ಎಂದು ಕೇಳಿದರು. ಚಿನ್ಮಯ ಎದುರಿಗೇ ಕೂತಿದ್ದ.

“ಇಪ್ಪತ್ತೆರಡು ವರ್ಷ ಸರ್ವೀಸಾಯ್ತು ಮಾವ. ಇಂಥದ್ದು ದಿನಕ್ಕೆ ನಲವತ್ತು ನೋಡ್ತೇನೆ.”

ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡ. ಈ ಹೊತ್ತಿಗೆ ಅದನ್ನು ಮರೆತು ಬಂದಿರಬಾರದಿತ್ತೇ ಎಂದು ಅವನಿಗೆ ಅನ್ನಿಸಿತು. ಎಡದಿಂದ ಬಲಕ್ಕೆ ಕಣ್ಣು ಓಡಿಸಿದ. ಸಾಲಿಗೆ ಎಷ್ಟು ಹೊತ್ತು ಹಿಡಿಯಬೇಕೋ ಅಷ್ಟು ಹಿಡಿದ. ಜಿಲೇಬಿ ಸುತ್ತಿದಂಥ ಅಕ್ಷರಗಳ ನಡುವೆ ತನ್ನ ಹೆಸರು ಎಲ್ಲಿದೆ ಎಂಬುದೂ ಗೊತ್ತಾಗಲಿಲ್ಲ. ಎರಡು ಕಡೆ ಹುಬ್ಬು ಗಂಟಿಕ್ಕಿದ, ಮೂರು ಕಡೆ ತಲೆದೂಗಿದ. ಮಂದಾಕಿನಿ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

“ಮೂರನೇ ಕಲಂ ನೋಡಿದ್ಯಾ? ಅದರಲ್ಲಿ ನಿನಗೆ ಅಡ್ಡಿಯಿಲ್ಲವಲ್ಲ?” ಎಂದು ಮಾವ ಕೇಳಿದರು. ಅವರ ಧ್ವನಿ ಯಾಕೋ ಮೆತ್ತಗಿತ್ತು.

“ಅದೇ ಮಾವ ಇದರಲ್ಲಿ ಮುಖ್ಯ,” ಎಂದ ಸುಬ್ರಾಯ. “ಅದಿಲ್ಲದಿದ್ರೆ ಕಾರು ತಗೊಂಡು ಎಂತ ಪ್ರಯೋಜನ?”

ಸಹಿ ಬಿತ್ತು. ಹರಿನಾರಾಯಣರು ಕಾಗದ ಮಡಚಿದರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಅವರ ಕಣ್ಣಲ್ಲಿ ನೀರನ್ನು ಹಿಂದೆ ಯಾರೂ ಕಂಡಿರಲಿಲ್ಲ. ಮಗನಿದ್ದರೂ ಹೀಗೆ ಹೇಳುತ್ತಿರಲಿಲ್ಲ ಎಂದು ಹೇಳಿ, ಅಂಗಿ ಬದಲಿಸಲು ಒಳಗೆ ಹೋದರು. ಒಂದು ಕಾರಿಗೆ ಇಷ್ಟು ಭಾವುಕರಾಗಬೇಕೇ ಎಂದು ಸುಬ್ರಾಯನಿಗೆ ವಿಚಿತ್ರವೆನ್ನಿಸಿತು.

ಎರಡು ಗಂಟೆಗೆ ಹೊರಡುವ ಹೊತ್ತಾಯಿತು. ಸುಬ್ರಾಯ ಕೆಂಪು ಕಾರಿನ ಹತ್ತಿರ ಬಂದಾಗ ಜಗಲಿಯ ಪೆಟ್ಟಿಗೆಗಳಲ್ಲಿ ಒಂದು ಅದರ ಬೆನ್ನಿಗೆ ಹಗ್ಗದಿಂದ ಬಿಗಿದಿತ್ತು. ಓಡಿಸುವವನ ಸೀಟಿನಲ್ಲಿ ಮಾವ ಕೂತಿದ್ದರು, ತಲೆಗೆ ಮಫ್ಲರ್ ಸುತ್ತಿಕೊಂಡು.

“ಮಾವ ಎಲ್ಲಿವರೆಗೆ ಬರ್ತೀರಿ?” ಎಂದ ಸುಬ್ರಾಯ.

ಉತ್ತರ ಕೊಟ್ಟದ್ದು ಮಂದಾಕಿನಿ. ರೈಲಿನಲ್ಲಿ ಎರಡು ಸಲ ಹೇಳಹೊರಟದ್ದು ಇದನ್ನೇ ಎಂದಳು. ಫ್ಲ್ಯಾಟು ಎದ್ದು ನಿಲ್ಲುವವರೆಗೆ, ಅಂದರೆ ಕಡಿಮೆಯೆಂದರೆ ಮೂರು ವರ್ಷ, ಅಪ್ಪ ಅಮ್ಮನಿಗೆ ಮನೆಯಿಲ್ಲ. ಯಾರು ಯಾರ ಮನೆಗೆ ಎಂದು ಮಗಳಂದಿರ ಹತ್ತಿರ ಕೇಳಲು ಅಪ್ಪನಿಗೆ ಅಭಿಮಾನ ಅಡ್ಡ ಬಂತು. ಅದಕ್ಕೇ ಒಪ್ಪಂದದ ಮೂರನೆಯ ಕಲಂ: ಕಾರು ಹೋದ ಮನೆಗೆ ಕಾರನ್ನು ನೋಡಿಕೊಳ್ಳುವವರೂ ಹೋಗತಕ್ಕದ್ದು. ಹಸಿರು ಕಾರಿನ ಜೊತೆ ಅಮ್ಮ, ಕೆಂಪು ಕಾರಿನ ಜೊತೆ ಅಪ್ಪ. ನಾಲ್ಕನೆಯದರಲ್ಲಿ, ಕಾರನ್ನು ಮಾಡಿನ ಕೆಳಗೇ ನಿಲ್ಲಿಸತಕ್ಕದ್ದು, ಅಲ್ಲಿ ಸ್ಕೂಟರಿದ್ದರೆ ಅದನ್ನು ಹೊರಗಿಡತಕ್ಕದ್ದು ಎಂದಿತ್ತು. ಐದನೆಯದರಲ್ಲಿ, ಕಾರನ್ನು ಮಾವನ ಹೊರತು ಬೇರೆಯವರು ಓಡಿಸಕೂಡದು ಎಂದಿತ್ತು.

ಸುಬ್ರಾಯ ಹಿಂದೆ ತಿರುಗಿ ನೋಡಿದ. ಚಿನ್ಮಯ ಎಂ.ಜಿ.ಯ ಪಕ್ಕದಲ್ಲಿ ನಿಂತಿದ್ದ. ಅತ್ತೆ ಎರಡನೆಯ ಪೆಟ್ಟಿಗೆಯ ಮೇಲೆ ಪತ್ರೊಡೆಯ ಡಬ್ಬಿಯನ್ನಿಟ್ಟು, ನಿಮ್ಮ ಮನೆಯ ಅಡುಗೆಮನೆಯಲ್ಲಿ ಅರೆಯುವ ಕಲ್ಲು ಉಂಟೋ ಇಲ್ಲವೋ ಎಂದು ಅವನನ್ನು ವಿಚಾರಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಬಾಡಿದ್ದ ಮುಖ ಈಗ ಗೆಲುವಾಗಿತ್ತು. “ಹೋಗ್ಬನ್ನಿ ಭಾವ,” ಎಂದು ಅವನು ಕೈ ಬೀಸಿದ.

ಕಾರಿನಲ್ಲಿ ಸೀಟು ಎರಡೇ. ಒಂದರಲ್ಲಿ ಮಾವ, ಒಂದರಲ್ಲಿ ಅಳಿಯ. ಮಂದಾಕಿನಿ, ಹೇಗೂ ಜಾಗವಿಲ್ಲ, ಅಮ್ಮನ ಜೊತೆ ಒಂದು ವಾರ ಇದ್ದು ರೈಲಿನಲ್ಲಿ ಬರುತ್ತೇನೆ ಎಂದಳು. ಅವಳ ಸೆರಗು ಗಾಳಿಗೆ ಹಾರಿದ್ದು ಗೇಟಿನ ಹತ್ತಿರ, ಅವಳು ನಿಂತಲ್ಲೇ.

ಹೆದ್ದಾರಿಗೆ ಬಂದ ಮೇಲೆ ಸುಬ್ರಾಯನಿಗೆ ತನ್ನ ಹುದ್ದೆ ಏನೆಂದು ತಿಳಿಯಿತು. ಸ್ಟಿಯರಿಂಗು ಎಡಗಡೆ ಇರುವುದರಿಂದ, ಮುಂದಿನ ಲಾರಿಯನ್ನು ದಾಟಬೇಕಾದರೆ ಎದುರಿನಿಂದ ಏನು ಬರುತ್ತಿದೆ ಎಂದು ಮಾವನಿಗೆ ಕಾಣುತ್ತಿರಲಿಲ್ಲ. ಬಲಗಡೆ ಕೂತ ಸುಬ್ರಾಯ ಕತ್ತು ಹೊರಗೆ ಚಾಚಿ ನೋಡಿ, ಹೋಗಬಹುದು, ಬೇಡ, ಈಗ ಹೋಗಿ ಎಂದು ಕೂಗಬೇಕು. ಕೇರಳದ ಬಸ್ಸುಗಳಲ್ಲಿ ಬಾಗಿಲಿಗೆ ಜೋತುಬಿದ್ದು ಹೀಗೆ ಕೂಗುವವನಿಗೆ ಕಿಳಿ ಎನ್ನುತ್ತಾರೆ. ಕೊಲ್ಲಂ ದಾಟುವಷ್ಟರಲ್ಲಿ ಸರಕಾರಿ ಸೂಪರಿಂಟೆಂಡೆಂಟು ಒಳ್ಳೆಯ ಕಿಳಿಯಾಗಿದ್ದ. ಕಾರು ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ನೋಡಲು ಹೋದರೆ ಮುಳ್ಳುಗಳೆಲ್ಲ ಮಾವನ ಕಡೆಗೇ ತಿರುಗಿದ್ದವು.

ಹರಿಪ್ಪಾಡಿನ ಹತ್ತಿರ ಸಣ್ಣಗೆ ಮಳೆ ಬಂತು. ಕಾರಿನ ಬಟ್ಟೆಯ ಮಾಡನ್ನು ಇಲಿ ತಿಂದು ನಾಲ್ಕು ವರ್ಷವಾಗಿತ್ತು. ಮಾವ ಮಳೆ ಬಿದ್ದ ಕನ್ನಡಕ ತೆಗೆದು ಜೇಬಿಗಿಟ್ಟು, ಎದುರು ಏನೋ ಬೋರ್ಡು ಕಾಣ್ತದೆ, ಏನಂತೆ ಓದು ಎಂದರು. ಸುಬ್ರಾಯ ಬೋರ್ಡು ನೋಡಿದ. ಬೋರ್ಡು ಸುಬ್ರಾಯನನ್ನು ನೋಡಿತು. ಬಾಣದ ಗುರುತು ಬಲಕ್ಕಿದ್ದುದರಿಂದ, ಬಲಕ್ಕೆ ಹೋಗಬೇಕಂತೆ ಎಂದ. ಬಲಕ್ಕೆ ಹೋದ ಕಾರು ಒಂದು ಮಂಗಲಕಾರ್ಯಾಲಯದ ಅಂಗಳದೊಳಗೆ, ಹೊರಗೆ ಬರುತ್ತಿದ್ದ ಮದುಮಕ್ಕಳ ಎದುರಿಗೆ ನಿಂತಿತು. ಯಾರೋ ಇವರನ್ನು ಹುಡುಗನ ಕಡೆಯವರೆಂದು ತಿಳಿದು ಪಾಯಸ ಕೊಟ್ಟರು.

ಹೊರಗೆ ಬಂದ ಮೇಲೆ ಮಾವ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ನು ಆರಿಸಿದರು. ವಿಳಿಂಜಂನ ಬೋರ್ಡು, ಈಗಿನ ಬೋರ್ಡು, ಎರಡನ್ನೂ ಅವರು ಕೂಡಿಸುತ್ತಿದ್ದಾರೆ ಎಂದು ಸುಬ್ರಾಯನಿಗೆ ಗೊತ್ತಾಯಿತು. ಕೋರ್ಟಿನಲ್ಲಿ ಸಾಕ್ಷಿಯನ್ನು ನೋಡುವಂತೆ ಅವರು ಅವನನ್ನು ನೋಡಿದರು.

“ಮೂರನೇ ಕಲಂ ನೀನು ಓದಿಲ್ಲ.”

ಮಳೆ ಹನಿಯುತ್ತಿತ್ತು. ಮುದುಕರ ಮುಖ ಒದ್ದೆಯಾಗಿತ್ತು, ಮಫ್ಲರು ಒದ್ದೆಯಾಗಿತ್ತು, ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ ಅವರ ಇಡೀ ಸಂಸಾರವಿತ್ತು. ಸುಬ್ರಾಯನಿಗೆ ತನ್ನ ಹೊಟ್ಟೆಯುರಿ ಎಲ್ಲಿಂದ ಎಲ್ಲಿಗೆ ತಂದು ನಿಲ್ಲಿಸಿತು ಎಂದು ನಾಚಿಕೆಯಾಯಿತು.

“ಓದಿದ್ರೂ ಸಹಿ ಹಾಕ್ತಿದ್ದೆ ಮಾವ,” ಎಂದ.

ಹರಿನಾರಾಯಣರು ಮಫ್ಲರಿನ ತುದಿಯ ನೀರು ಹಿಂಡಿದರು. “ಸುಳ್ಳು ಸಾಕ್ಷಿ,” ಎಂದರು. “ಆದರೂ ದಾಖಲೆ ಮಾಡಿಕೊಳ್ತೇನೆ.” ಎಂಜಿನ್ನು ಮತ್ತೆ ಶುರು ಮಾಡಿ, ನಾಳೆ ಬೆಳಿಗ್ಗೆ ಐದೂವರೆಗೆ ಮುಖ ತೊಳೆದು ಕೂತುಕೊಳ್ಳಬೇಕು, ಮಲಯಾಳ ಅಕ್ಷರ ನಾನು ಕಲಿಸುತ್ತೇನೆ ಎಂದರು. ನಾಳೆಯವರೆಗೂ ಅವರಿಗೆ ತಡೆಯಲಾಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಅಂಗಡಿಯ ಬೋರ್ಡಿನ ಎದುರೂ ಕಾರು ನಿಧಾನವಾಯಿತು. ಚೇರ್ತಲ ದಾಟುವಾಗ ಸುಬ್ರಾಯ ಹನ್ನೊಂದು ಅಕ್ಷರ ಕಲಿತಿದ್ದ, ಅದರಲ್ಲಿ ಎರಡು ತಪ್ಪಿದ್ದವು.

ಏಳೂವರೆಗೆ ಕಳಮಶ್ಶೇರಿಯ ಓಣಿಯೊಳಗೆ ಕೆಂಪು ಕಾರು ಬಂದಾಗ ಓಣಿಯೆಲ್ಲ ಗೇಟಿನ ಹೊರಗಿತ್ತು. ಎಲ್ಲರ ಕಣ್ಣಲ್ಲೂ ಹೊಟ್ಟೆಕಿಚ್ಚು ಇತ್ತು. ಆರು ವರ್ಷದಿಂದ ಸುಬ್ರಾಯ ಬಯಸಿದ್ದು ಅದನ್ನೇ. ಬದಲಿಸಲು ಬೇರೆ ಅಂಗಿ ತಂದಿರದ ಅವನು ಮೀನಿನ ವಾಸನೆಯ ಅದೇ ಅಂಗಿಯಲ್ಲಿ ಇಳಿದು, ತಗಡಿನ ಶೆಡ್ಡಿನಿಂದ ಸ್ಕೂಟರನ್ನು ಮಳೆಗೆ ತಳ್ಳಿ, ಮಾವನಿಗೆ ದಾರಿ ಬಿಟ್ಟ. ಬೀಗದ ಕೈಗೆಂದು ಕೈ ಚಾಚಿದರೆ ಮಾವ ಅದರಲ್ಲಿ ಒಂದು ಒರೆಸುವ ಬಟ್ಟೆ ಇಟ್ಟು, ಮುಂದಿನ ಮೂತಿಯಿಂದ ಶುರು ಮಾಡು ಎಂದರು.

ಅಶ್ರಫ್ ಕಾರಿನ ಸುತ್ತ ಎರಡು ಸುತ್ತು ಬಂದು, ಪಕ್ಕದಲ್ಲಿ ಬಗ್ಗಿ ಪಿಸುಗುಟ್ಟಿದ. “ಷಡ್ಡಕನ ಮುಖ ಸರೀ ನೋಡಿದ್ರಾ ಸುಬ್ರಾಯಣ್ಣ?”

“ಬೆಳಗಿಂದ ಅದನ್ನೇ ನೋಡಿದ್ದು.”

“ಎಂತ ಬರೆದಿತ್ತು ಅದರಲ್ಲಿ?”

ಸುಬ್ರಾಯ ಒರೆಸುವುದನ್ನು ನಿಲ್ಲಿಸಲಿಲ್ಲ. “ಅದೂ ಮಲಯಾಳದಲ್ಲಿತ್ತು,” ಎಂದ.